ಉಡುಪಿನ ರಚನೆಯೂ ಅರಿವೆಯ ಮಿತವ್ಯಯವೂ

(ಮಠದ ಮಹೋತ್ಸವದ ನಿಮಿತ್ತ ನಡೆದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಅನ್ನ, ಅರಿವೆ, ಆಶ್ರಯ ಇವು ಮೂರು ಮನುಷ್ಯನಿಗೆ ಮೊದಲು ಬೇಕಾದವು. ಇವುಗಳಲ್ಲಿ ಅನ್ನವನ್ನು ಚೆಲ್ಲಬಾರದೆಂಬ ಎಚ್ಚರವು ಜನರಲ್ಲಿ ಇಂದಿಗೂ ಉಳಿದಿದೆ. ದಾಸೋಹದ ಪಂಕ್ತಿಯಲ್ಲಿ ಕುಳಿತವನು ಎಲೆಯಲ್ಲಿ ಅಗುಳು ಬಿಟ್ಟು ಏಳಲು ಸಂಕೋಚಪಡುತ್ತಾನೆ. ಬಡಿಸುವವನು ಕೇಳಿಯೇ ಬಡಿಸುತ್ತಾನೆ. ಆದರೆ ಅರಿವೆಯ ವಿಷಯದಲ್ಲಿ ಆ ಸಂಕೋಚವು ಕಳೆದ ಒಂದೆರಡು ತಲೆಮಾರುಗಳಲ್ಲಿ ಬಹಳ ಮಟ್ಟಿಗೆ ಅಳಿದುಹೋಗಿದೆ. ಹರಿಯದ ಅಂಗಿಯನ್ನು ಎಸೆಯುವುದು ಈಗ ತಪ್ಪೆಂದು ತೋರುವುದಿಲ್ಲ. ಹೊಲಿಗೆಯ ಮನೆಯಲ್ಲಿ ಕತ್ತರಿಯಿಂದ ಉದುರಿದ ತುಂಡುಗಳಂತೂ ಯಾರ ಲೆಕ್ಕಕ್ಕೂ ಬರುವುದಿಲ್ಲ. ಈ ಅಪವ್ಯಯವು ಎಲ್ಲಿ ಹುಟ್ಟುತ್ತದೆ, ಅದರ ನಿವಾರಣೆಯು ಯಾರ ಕೈಯಲ್ಲಿದೆ ಎಂಬುದೇ ಈ ಉಪನ್ಯಾಸದ ವಿಷಯವಾಗಿದೆ.

ಮೊದಲು ಅದರ ಪ್ರಮಾಣವನ್ನು ಅರಿಯತಕ್ಕದ್ದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೊಡುವ ಅಂದಾಜಿನಂತೆ ಜಗತ್ತಿನಲ್ಲಿ ವರ್ಷವೊಂದಕ್ಕೆ 9 ಕೋಟಿ 20 ಲಕ್ಷ ಟನ್ನುಗಳಷ್ಟು ಅರಿವೆಯು ಕಸವಾಗುತ್ತದೆ. 2000ದಿಂದ 2015ರ ವರೆಗಿನ ಹದಿನೈದು ವರ್ಷಗಳಲ್ಲಿ ಉಡುಪಿನ ಉತ್ಪಾದನೆಯು ಸುಮಾರು ಇಮ್ಮಡಿಯಾಯಿತೆಂದೂ, ಉಡುಪಿಗೆ ಬಳಸಿದ ಸಾಮಗ್ರಿಯಲ್ಲಿ ಮತ್ತೆ ಹೊಸ ಉಡುಪಾಗಿ ಮಾರ್ಪಡುವುದು ನೂರಕ್ಕೆ 1ಕ್ಕಿಂತಲೂ ಕಡಮೆಯೆಂದೂ ಎಲೆನ್ ಮ್ಯಾಕ್‌ಆರ್ಥರ್ ಪ್ರತಿಷ್ಠಾನವು 2017ರಲ್ಲಿ ಪ್ರಕಟಿಸಿದ ವರದಿಯು ತಿಳಿಸುತ್ತದೆ. ಸಿರಿವಂತ ದೇಶಗಳವರು ಉಟ್ಟು ಬಿಟ್ಟ ಬಟ್ಟೆಗಳು ಹಡಗು ಹತ್ತಿ ಘಾನಾ ದೇಶದ ಅಕ್ರಾ ಪಟ್ಟಣದ ಕಂಟಮಾಂಟೊ ಸಂತೆಯನ್ನು ಸೇರುತ್ತವೆ. ಅಲ್ಲಿ ಮಾರಾಟವಾಗದೆ ಉಳಿದವು ಚರಂಡಿಗಳ ಮೂಲಕ ಕಡಲತೀರಕ್ಕೆ ಹೋಗಿ ಬೀಳುತ್ತವೆ. ದಕ್ಷಿಣ ಅಮೇರಿಕೆಯ ಚಿಲಿ ದೇಶದಲ್ಲಿ ಅಟಕಾಮಾ ಎಂಬ ಮರುಭೂಮಿಯುಂಟು. ಹುಲ್ಲೂ ಬೆಳೆಯದ ಆ ನೆಲದಲ್ಲಿ ಬಟ್ಟೆಯ ದಿಬ್ಬಗಳು ಎದ್ದಿರುವುದನ್ನು ಜಗತ್ತು ಕಂಡಿದೆ.

ಇದಕ್ಕೆ ಕಾರಣರು ಯಾರೆಂದು ಕೇಳಿದರೆ ಉಡುವವರ ಚಪಲತೆಯನ್ನು ದೂಷಿಸುವವರು ಹಲವರು. ಮಾರುವವರ ಲೋಭವನ್ನು ದೂಷಿಸುವವರು ಕೆಲವರು. ಇವೆರಡೂ ಸುಳ್ಳಲ್ಲ. ಆದರೆ ಇವೆರಡಕ್ಕೂ ಮುಂಚೆ ಇನ್ನೊಂದು ಸ್ಥಾನವುಂಟು. ಉಡುಪು ಹೇಗಿರಬೇಕೆಂದು ಕಲ್ಪಿಸಿ ಕಾಗದದ ಮೇಲೆ ಗೆರೆಯೆಳೆಯುವವನ ಸ್ಥಾನವೇ ಅದು. ಕತ್ತರಿಯು ಅರಿವೆಯನ್ನು ಮುಟ್ಟುವುದಕ್ಕೆ ಮೊದಲೇ ಎಷ್ಟು ಉಳಿಯುತ್ತದೆ, ಎಷ್ಟು ಅಳಿಯುತ್ತದೆ ಎಂಬುದು ಆ ಗೆರೆಯಲ್ಲಿ ನಿಶ್ಚಯವಾಗಿ ಹೋಗಿರುತ್ತದೆ.

ಸಿದ್ಧ ಉಡುಪಿನ ಕಾರ್ಖಾನೆಯ ಕೆಲಸವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅಲ್ಲಿ ಉದ್ದನೆಯ ಮೇಜಿನ ಮೇಲೆ ಅರಿವೆಯನ್ನು ಪದರ ಪದರವಾಗಿ ಹಾಸುತ್ತಾರೆ. ಅದರ ಮೇಲೆ ತೋಳು, ಬೆನ್ನು, ಎದೆ, ಕೊರಳಪಟ್ಟಿ ಇವುಗಳ ಆಕಾರಗಳನ್ನು ಬರೆದ ನಕ್ಷೆಯನ್ನಿಟ್ಟು, ವಿದ್ಯುತ್ತಿನ ಅಲಗಿನಿಂದ ಎಲ್ಲ ಪದರಗಳನ್ನೂ ಒಮ್ಮೆಗೇ ಕೊಯ್ಯುತ್ತಾರೆ. ಅರಿವೆಯು ಮಗ್ಗದಿಂದ ನೇರ ಅಂಚುಗಳುಳ್ಳ ಪಟ್ಟೆಯಾಗಿ ಬರುತ್ತದೆ. ತುಂಡುಗಳಾದರೋ ಮೈಯ ಬಾಗನ್ನು ಅನುಸರಿಸಿ ವಕ್ರವಾಗಿರುವುವು. ಒಂದು ವಕ್ರರೇಖೆಗೂ ಮತ್ತೊಂದು ವಕ್ರರೇಖೆಗೂ ನಡುವೆ ಉಳಿದ ಸಂದು ಕಸವಾಗುತ್ತದೆ. ಹೀಗೆ ನಷ್ಟವಾಗುವ ಅರಿವೆಯು ಸಾಮಾನ್ಯವಾಗಿ ನೂರಕ್ಕೆ 15ರಷ್ಟೆಂದು ಈ ವಿದ್ಯೆಯನ್ನು ಬಲ್ಲವರು ಲೆಕ್ಕಹಾಕಿರುವರು. ಗಣಕಯಂತ್ರದ ಸಹಾಯದಿಂದ ತುಂಡುಗಳನ್ನು ಒತ್ತೊತ್ತಾಗಿ ಜೋಡಿಸಿ ಈ ನಷ್ಟವನ್ನು ತುಸು ತಗ್ಗಿಸಬಹುದು. ಆದರೆ ಆಕಾರವನ್ನೇ ಬದಲಿಸುವ ಅಧಿಕಾರವು ಕೊಯ್ಯುವವನಿಗೂ ಇಲ್ಲ, ಯಂತ್ರಕ್ಕೂ ಇಲ್ಲ. ಅದು ರಚನಕಾರನಿಗೆ ಮಾತ್ರ ಸೇರಿದುದು. ಆ ನೂರಕ್ಕೆ 15ರ ಹಿಂದೆ ಹತ್ತಿ ಬೆಳೆದವನ ಬೆವರೂ, ಹೊಲವು ಕುಡಿದ ನೀರೂ, ನೂತವರ, ನೇಯ್ದವರ, ಬಣ್ಣ ಕಟ್ಟಿದವರ ದುಡಿಮೆಯೂ ಇವೆ. ನೇಯ್ಗೆಯನ್ನೇ ಕಾಯಕವಾಗಿ ಕೈಕೊಂಡ ಜೇಡರ ದಾಸಿಮಯ್ಯನವರನ್ನು ಸ್ಮರಿಸುವ ಸಮಾಜಕ್ಕೆ ಈ ತುಂಡುಗಳು ಬರಿಯ ತುಂಡುಗಳಾಗಿ ತೋರಲಾರವು.

ಪೂರ್ವಿಕರು ಈ ಪ್ರಶ್ನೆಯನ್ನು ಮಗ್ಗದಲ್ಲಿಯೇ ಬಿಡಿಸಿದ್ದರು. ಸೀರೆ, ಧೋತರ, ರುಮಾಲು, ಶಲ್ಯ ಇವುಗಳಿಗೆ ಕತ್ತರಿಯೇ ಬೇಡ; ಮಗ್ಗದಿಂದ ಇಳಿದ ಅರಿವೆಯೇ ಉಡುಪು. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಹಾಸು ಹತ್ತಿಯದಾದಾಗಲೂ ಸೆರಗಿನ ಹಾಸು ರೇಷ್ಮೆಯದಾಗಿರುವುದುಂಟು. ಇವೆರಡರ ಎಳೆಗಳನ್ನು ಒಂದರೊಳಗೊಂದು ಕೊಂಡಿಯಂತೆ ಸಿಕ್ಕಿಸಿ ಕೂಡಿಸುವ ಕೌಶಲವು ಅಲ್ಲಿಯ ನೇಕಾರರಿಗೆ ವಿಶಿಷ್ಟವಾದುದು. ಈ ಕ್ರಮದಲ್ಲಿ ಹಾಸನ್ನು ಒಂದೊಂದು ಸೀರೆಗೂ ಬೇರೆಯಾಗಿಯೇ ಸಿದ್ಧಪಡಿಸಬೇಕಾಗುತ್ತದೆ. ಶ್ರಮವು ಹೆಚ್ಚೆಂಬುದು ನಿಜ. ಆದರೆ ಬೆಲೆಯುಳ್ಳ ನೂಲು ಎಲ್ಲಿ ಬೇಕೋ ಅಲ್ಲಿಗೆ ಮಾತ್ರ ಸಲ್ಲುತ್ತದೆ. ಗುಳೇದಗುಡ್ಡದ ಖಣವೂ ಹಾಗೆಯೇ. ಕುಪ್ಪಸಕ್ಕಾಗಿಯೇ ನೇಯುವ ಆ ಅರಿವೆಯ ಪನ್ನವು ಕಿರಿದು. ಅದರ ಅಂಚು ಕುಪ್ಪಸದ ತೋಳಿಗೂ ಅಂಚಿಗೂ ಅಲಂಕಾರವಾಗಿ ಒದಗುತ್ತದೆ. ಉಡುಪಿನ ಅಳತೆಯನ್ನು ಮೊದಲು ತಿಳಿದು ಅನಂತರ ಅರಿವೆಯನ್ನು ನೇಯ್ದುದರಿಂದ ಉಳಿಕೆಯೆಂಬುದಕ್ಕೆ ಅವಕಾಶವೇ ಕಡಮೆಯಾಯಿತು.

ಹೊಲಿದ ಉಡುಪಿನಲ್ಲಿಯೂ ಇದೇ ವಿವೇಕವು ಕಾಣಬರುತ್ತದೆ. ಹಳೆಯ ಕಾಲದ ಜುಬ್ಬವನ್ನು ಬಿಚ್ಚಿ ನೋಡಿದರೆ ಮುಂದೆ ಹಿಂದೆ ಎರಡು ನೇರ ಪಟ್ಟಿಗಳು, ನೇರವಾದ ತೋಳುಗಳು, ಕಂಕುಳಲ್ಲಿ ಚೌಕದ ತುಂಡುಗಳು ಸಿಗುತ್ತವೆ. ಪಕ್ಕಗಳಿಗೆ ಹಚ್ಚಿದ ಓರೆ ಪಟ್ಟಿಗಳು ಒಂದೇ ನೇರ ತುಂಡನ್ನು ಕರ್ಣರೇಖೆಯಲ್ಲಿ ಕೊಯ್ದು ಪಡೆದವು. ಒಂದು ಕೊಯ್ತಕ್ಕೆ ಎರಡು ಪಟ್ಟಿ, ನಡುವೆ ಬೀಳುವುದು ಏನೂ ಇಲ್ಲ. ಕಂಕುಳ ಚೌಕವು ಕೈಯೆತ್ತಲು ಎಡೆಗೊಡುತ್ತದೆ. ಮೊದಲು ಸವೆಯುವುದೂ ಅದೇ ಆದುದರಿಂದ ಅದೊಂದನ್ನೇ ಬದಲಿಸಿ ಅಂಗಿಯ ಆಯುಷ್ಯವನ್ನು ಬೆಳೆಸಬಹುದು. ಜಪಾನ ದೇಶದ ಕಿಮೋನೊ ಉಡುಪಿನ ತತ್ತ್ವವೂ ಇದೇ. ಸುಮಾರು 36 ಸೆಂಟಿಮೀಟರು ಅಗಲ, 12 ಮೀಟರು ಉದ್ದದ ಒಂದೇ ಪಟ್ಟೆಯನ್ನು ನೇರವಾಗಿ ಕೊಯ್ದು ಇಡೀ ಉಡುಪನ್ನು ಹೊಲಿಯುವರು. ಒಗೆಯುವಾಗ ಹೊಲಿಗೆಯನ್ನೇ ಬಿಚ್ಚಿ, ತುಂಡುಗಳನ್ನು ಮತ್ತೆ ಉದ್ದಕ್ಕೆ ಕೂಡಿಸಿ ತೊಳೆದು ಒಣಗಿಸಿ, ಪುನಃ ಉಡುಪಾಗಿ ಹೊಲಿಯುವ ಪದ್ಧತಿಯು ಅಲ್ಲಿತ್ತು. ಇಂತಹ ಹಲವು ದೇಶಗಳ ಉಡುಪುಗಳನ್ನು ಅಳೆದು ನೋಡಿದ ಡೊರೊಥಿ ಬರ್ನ್‌ಹ್ಯಾಮ್ ಎಂಬ ವಿದುಷಿಯು, ಉಡುಪಿನ ಆಕಾರವು ಮಗ್ಗದ ಅಗಲವನ್ನು ಅನುಸರಿಸಿ ಬೆಳೆದುದೆಂಬುದನ್ನು 1973ರಲ್ಲಿ ಕೆನಡಾ ದೇಶದ ಟೊರಾಂಟೊ ವಸ್ತುಸಂಗ್ರಹಾಲಯದ ಮೂಲಕ ಪ್ರಕಟವಾದ ತನ್ನ ಕಿರುಪುಸ್ತಕದಲ್ಲಿ ಚಿತ್ರಸಹಿತವಾಗಿ ತೋರಿಸಿಕೊಟ್ಟಳು.

ಹರಿದ ಮೇಲೆಯೂ ಅರಿವೆಗೆ ಮರಣವಿರಲಿಲ್ಲ. ಹಳೆಯ ಸೀರೆಯು ಮಗುವಿನ ತೊಟ್ಟಿಲ ಜೋಳಿಗೆಯಾಗುತ್ತಿತ್ತು. ಅನಂತರ ಕೌದಿಯ ಪದರವಾಗುತ್ತಿತ್ತು. ಕೌದಿ ಜೀರ್ಣವಾದ ಮೇಲೆ ನೆಲ ಒರೆಸುವ ಅರಿವೆಯಾಗುತ್ತಿತ್ತು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗಗಳಲ್ಲಿ ನೆಲೆಸಿರುವ ಸಿದ್ದಿ ಜನಾಂಗದ ಸ್ತ್ರೀಯರ ಕೌದಿಗಳು ಇಂದು ದೇಶಾಂತರಗಳಲ್ಲಿಯೂ ಪ್ರಸಿದ್ಧಿಯನ್ನು ಪಡೆದಿವೆ. ಆಫ್ರಿಕೆಯಿಂದ ಬಂದವರ ಸಂತತಿಯಾದ ಅವರು ಕೌದಿಯನ್ನು ಅಂಚಿನಿಂದ ಆರಂಭಿಸಿ, ಕೈಗೆ ಸಿಕ್ಕ ತುಂಡನ್ನು ಸಿಕ್ಕ ಆಕಾರದಲ್ಲಿಯೇ ಇಟ್ಟು, ಸುತ್ತು ಸುತ್ತಾಗಿ ಹೊಲಿಯುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮಡಿಸಿದ ಕಿರುತುಂಡಿನ ಹೂವನ್ನು ಹಚ್ಚಿದಲ್ಲದೆ ಕೌದಿಯು ಪೂರ್ಣವಾಯಿತೆಂದು ಅವರು ಭಾವಿಸುವುದಿಲ್ಲ. ಇಲ್ಲಿ ತುಂಡು ಆಕಾರಕ್ಕೆ ಒಗ್ಗುವುದಿಲ್ಲ. ಆಕಾರವೇ ತುಂಡಿಗೆ ಒಗ್ಗುತ್ತದೆ.

ಹಾಗೆಂದು ಹಿಂದಿನವರೆಲ್ಲ ಸ್ವಭಾವದಿಂದಲೇ ಮಿತವ್ಯಯಿಗಳೆಂದು ಹೊಗಳುವುದು ಸರಿಯಲ್ಲ. ಅರಿವೆ ಆಗ ದುಬಾರಿಯಾಗಿತ್ತು. ಬಡತನವೇ ಅನೇಕರಿಗೆ ಗುರುವಾಗಿತ್ತು. ಅಗ್ಗವಾದೊಡನೆ ಆ ಪಾಠವು ಮರೆತುಹೋಯಿತು. ಆದುದರಿಂದ ಕೊರತೆಯು ಬಲವಂತವಾಗಿ ಕಲಿಸಿದ ವಿವೇಕವನ್ನು ಸಮೃದ್ಧಿಯ ಕಾಲದಲ್ಲಿ ಮನಸ್ಸೊಪ್ಪಿ ಅನುಸರಿಸಲು ಸಾಧ್ಯವೇ ಎಂಬುದೇ ಈಗಿನ ನಿಜವಾದ ಪ್ರಶ್ನೆ.

ಎರಡನೆಯ ಮಹಾಯುದ್ಧದ ಕಾಲದ ಇಂಗ್ಲೆಂಡು ಇದಕ್ಕೊಂದು ನಿದರ್ಶನ. 1941ರ ಜೂನ್ 1ರಂದು ಅಲ್ಲಿ ಬಟ್ಟೆಯ ಪಡಿತರವು ಆರಂಭವಾಯಿತು. ಮರುವರ್ಷ ಸರಕಾರವು ಉಡುಪಿನಲ್ಲಿ ನೆರಿಗೆ, ಗುಂಡಿ, ಕಿಸೆಗಳು ಇಂತಿಷ್ಟೇ ಇರಬೇಕೆಂದು ಕಟ್ಟುಮಾಡಿತು. ರಾಣಿಯ ಉಡುಪುಗಳನ್ನು ರಚಿಸುತ್ತಿದ್ದ ನಾರ್ಮನ್ ಹಾರ್ಟ್‌ನೆಲ್‌ನಂತಹ ಪ್ರಸಿದ್ಧರೇ ಸಾಮಾನ್ಯ ಜನರ ಮಿತದ ಉಡುಪುಗಳಿಗೆ ನಕ್ಷೆಗಳನ್ನು ರಚಿಸಿಕೊಟ್ಟರು. ಅಲ್ಪ ಅರಿವೆಯಲ್ಲಿಯೂ ಅಂದವು ಸಾಧ್ಯವೆಂಬುದು ಆಗ ಸಿದ್ಧವಾಯಿತು. ಆದರೆ ಗಂಡಸರ ಷರಾಯಿಯ ಕೆಳಗಿನ ಮಡಿಕೆಯನ್ನು ನಿಷೇಧಿಸಿದಾಗ ಜನರು ಬಹಳವಾಗಿ ಗೊಣಗಿದರು. ಆ ನಿರ್ಬಂಧವನ್ನು 1944ರಲ್ಲಿ ತೆಗೆಯಬೇಕಾಯಿತು. 1949ರಲ್ಲಿ ಪಡಿತರವು ಮುಗಿಯಿತು. ಅದರೊಡನೆ ಮಿತವೂ ಮುಗಿಯಿತು. ಆಜ್ಞೆಯಿಂದ ಬಂದ ಮಿತವ್ಯಯವು ಆಜ್ಞೆಯೊಡನೆಯೇ ಹೋಗುತ್ತದೆ. ರಚನೆಯಲ್ಲಿ ಬೇರೂರಿದುದು ಮಾತ್ರ ಉಳಿಯುತ್ತದೆ.

ಹಳೆಯ ಅರಿವೆಯನ್ನು ಯಂತ್ರಕ್ಕೆ ಹಾಕಿ ಮತ್ತೆ ನೂಲಾಗಿಸಿದರೆ ಸಾಕಲ್ಲವೇ ಎಂದು ಕೇಳುವವರುಂಟು. ಆ ಕೆಲಸವು ಹೊಸದಲ್ಲ. ಇಂಗ್ಲೆಂಡಿನ ಬ್ಯಾಟ್ಲಿ ಎಂಬ ಊರಿನಲ್ಲಿ ಬೆಂಜಮಿನ್ ಲಾ ಎಂಬವನು 1813ರ ಸುಮಾರಿಗೆ ಉಣ್ಣೆಯ ಚಿಂದಿಗಳನ್ನು ಸಿಗಿದು ಹೊಸ ಉಣ್ಣೆಯೊಡನೆ ಬೆರೆಸಿ ನೂಲುವ ಕ್ರಮವನ್ನು ರೂಢಿಗೆ ತಂದನು. ಇಂದು ಭಾರತದ ಪಾಣಿಪತ್ ನಗರವು ಈ ಉದ್ಯಮಕ್ಕೆ ಹೆಸರಾಗಿದೆ. ಚಳಿಯ ದೇಶಗಳ ಹಳೆಯ ಉಡುಪುಗಳನ್ನು ಅಲ್ಲಿ ಗುಂಡಿ ಕಿತ್ತು, ಬಣ್ಣಕ್ಕೊಂದು ರಾಶಿ ಮಾಡಿ, ಸಿಗಿದು ನೂತು ಕಂಬಳಿಗಳನ್ನಾಗಿ ನೇಯುವರು; ಬಣ್ಣವಾರು ವಿಂಗಡಿಸಿದುದರಿಂದ ಮತ್ತೆ ಬಣ್ಣ ಕಟ್ಟುವ ಅಗತ್ಯವೂ ಬಹುಮಟ್ಟಿಗೆ ತಪ್ಪುತ್ತದೆ. ಇದು ಪುಣ್ಯದ ಕೆಲಸವೇ ಸರಿ. ಆದರೆ ಸಿಗಿದಾಗ ಎಳೆಯು ಗಿಡ್ಡಾಗುತ್ತದೆ; ಗಿಡ್ಡ ಎಳೆಯಿಂದ ಮೊದಲಿನಂತಹ ಗಟ್ಟಿ ನೂಲು ಬರಲಾರದು. ಮೇಲಾಗಿ ಇಂದಿನ ಅಂಗಿಯಲ್ಲಿ ಹತ್ತಿಯೂ ಪಾಲಿಯೆಸ್ಟರೂ ಎಳೆಯೆಳೆಯಲ್ಲಿ ಬೆರೆತಿರುತ್ತವೆ. ಎಳೆದರೆ ಹಿಗ್ಗಲೆಂದು ಮೂರನೆಯದೊಂದು ನೂಲು ಸೇರಿರುತ್ತದೆ. ಇವನ್ನು ಬೇರ್ಪಡಿಸುವುದು ಹಾಲಿನಿಂದ ನೀರನ್ನು ತೆಗೆದಷ್ಟು ಕಷ್ಟ. ಯಾವ ನೂಲುಗಳನ್ನು ಬೆರೆಸಬೇಕೆಂಬ ನಿರ್ಣಯವೂ ರಚನಕಾರನದೇ ಆದುದರಿಂದ ವಿಚಾರವು ತಿರುಗಿ ಅವನ ಮೇಜಿಗೇ ಬರುತ್ತದೆ.

ಅವನ ಕರ್ತವ್ಯಗಳು ಮೂರು. ಮೊದಲನೆಯದು, ಅರಿವೆಯ ಅಗಲವನ್ನು ತಿಳಿದುಕೊಂಡು ಅದಕ್ಕೆ ಒಪ್ಪುವಂತೆ ತುಂಡುಗಳನ್ನು ಕಲ್ಪಿಸುವುದು. ಒಂದು ತುಂಡಿನ ತಗ್ಗು ಇನ್ನೊಂದರ ಉಬ್ಬಿಗೆ ನೆರೆಯಾಗುವಂತೆ ಹೊಂದಿಸಿ, ಏನೂ ಉಳಿಯದ ಹಾಗೆ ಕೊಯ್ಯುವ ಕ್ರಮವನ್ನು ಟಿಮೊ ರಿಸ್ಸಾನೆನ್, ಹಾಲಿ ಮೆಕ್‌ಕ್ವಿಲನ್ ಎಂಬ ಇಬ್ಬರು 2016ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಶಾಸ್ತ್ರೀಯವಾಗಿ ವಿವರಿಸಿದ್ದಾರೆ. ಜಪಾನಿನ ಇಸ್ಸೆ ಮಿಯಾಕೆ 1990ರ ದಶಕದ ಕೊನೆಯಲ್ಲಿ ಡೈ ಫುಜಿವಾರಾ ಅವರೊಡನೆ ಸೇರಿ, ಉಡುಪಿನ ಆಕಾರವು ಹೆಣಿಗೆಯಲ್ಲಿಯೇ ಮೂಡಿಬರುವಂತೆಯೂ ಕೊಂಡವರು ಗೆರೆಯುದ್ದಕ್ಕೂ ಕತ್ತರಿಸಿ ತೊಡುವಂತೆಯೂ ಏರ್ಪಡಿಸಿದರು. ಎರಡನೆಯದು, ಉಡುಪು ಬಹುಕಾಲ ಬಾಳುವಂತೆ ಮಾಡುವುದು: ಹೊಲಿಗೆಯೊಳಗೆ ಬಿಚ್ಚಿ ಬೆಳೆಸಲು ಎಡೆ, ಸವೆಯುವಲ್ಲಿ ಇಮ್ಮಡಿ ಪದರ, ಕಿತ್ತರೆ ಮತ್ತೆ ಹಚ್ಚಲು ಬರುವ ಗುಂಡಿ. ಮೂರನೆಯದು, ಕೊನೆಗೆ ಸುಲಭವಾಗಿ ಬಿಚ್ಚುವಂತೆ ಇರುವುದು: ಅರಿವೆ, ದಾರ, ಒಳಪಟ್ಟಿ ಇವು ಸಾಧ್ಯವಾದಷ್ಟು ಒಂದೇ ಜಾತಿಯ ನೂಲಿನವಾಗಿರತಕ್ಕದ್ದು.

ಈ ಮಾರ್ಗದಲ್ಲಿ ತೊಡಕುಗಳು ಇಲ್ಲವೆಂದಲ್ಲ. ಸಣ್ಣ, ನಡು, ದೊಡ್ಡ ಎಂದು ಅಳತೆಗಳು ಬದಲಾದಂತೆ ಒಂದಕ್ಕೊಂದು ಹೆಣೆದ ತುಂಡುಗಳ ಲೆಕ್ಕವೆಲ್ಲ ಕೆಡುತ್ತದೆ. ಪ್ರತಿ ಅಳತೆಗೂ ಹೊಸದಾಗಿ ಯೋಚಿಸಬೇಕಾಗುತ್ತದೆ. ಅರಿವೆಯ ಪನ್ನವು ಎರಡು ಅಂಗುಲ ಹೆಚ್ಚು ಕಡಮೆಯಾದರೂ ನಕ್ಷೆಯು ನಿಷ್ಫಲವಾಗುತ್ತದೆ. ಮಿತವ್ಯಯವು ಬರಿಯ ಹೆಸರಾಗುವ ಭಯವೂ ಉಂಟು. ಉಳಿದ ತುಂಡನ್ನು ಬೇಡದ ಝಾಲರಿಯಾಗಿ ಉಡುಪಿಗೇ ಹಚ್ಚಿದರೆ ಕಸವು ನೆಲದಿಂದ ಮೈಮೇಲೆ ಏರಿತೇ ಹೊರತು ಇಲ್ಲವಾಗಲಿಲ್ಲ. ಒಂದು ಅಂಗಿಯಲ್ಲಿ ಗೇಣಗಲ ಅರಿವೆಯನ್ನು ಉಳಿಸಿ, ಬೇಡವಾದ ಹತ್ತು ಅಂಗಿಗಳನ್ನು ಹೊಲಿದರೆ ಉಳಿಸಿದ ಪುಣ್ಯವೂ ನಷ್ಟವಾಗುತ್ತದೆ. ಆದುದರಿಂದಲೇ ಕೆಲವು ದೇಶಗಳು ಈಗ ಶಾಸನದ ಆಸರೆಯನ್ನೂ ಪಡೆದಿವೆ. ಮಾರಾಟವಾಗದ ಸರಕನ್ನು ನಾಶಮಾಡುವುದಕ್ಕೆ ತಡೆಯೊಡ್ಡುವ ಶಾಸನವನ್ನು ಫ್ರಾನ್ಸ್ ದೇಶವು 2020ರಲ್ಲಿ ಮಾಡಿತು. ಮಾರಾಟವಾಗದ ಉಡುಪುಗಳನ್ನು ದೊಡ್ಡ ಸಂಸ್ಥೆಗಳು ನಾಶಮಾಡಕೂಡದೆಂಬ ನಿಯಮವು 2026ರ ಜುಲೈ 19ರಿಂದ ಅನ್ವಯಿಸತಕ್ಕದ್ದೆಂದು ಐರೋಪ್ಯ ಒಕ್ಕೂಟವು 2024ರಲ್ಲಿ ವಿಧಿಸಿತು.

ದೂರದ ಶಾಸನಗಳ ಮಾತು ಹಾಗಿರಲಿ. ಈ ಸಭೆಗೆ ಹತ್ತಿರವಾದ ಒಂದು ಲೆಕ್ಕವನ್ನು ನೋಡಬಹುದು. ಮಠಗಳ ಪ್ರಸಾದನಿಲಯಗಳಲ್ಲಿಯೂ ಶಾಲೆಗಳಲ್ಲಿಯೂ ಓದುವ ಮಕ್ಕಳಿಗೆ ವರ್ಷವರ್ಷವೂ ಸಮವಸ್ತ್ರಗಳನ್ನು ಹೊಲಿಸಲಾಗುತ್ತದೆ. ಉದಾಹರಣೆಗಾಗಿ ಸಾವಿರ ಮಕ್ಕಳನ್ನು ಎಣಿಸಿಕೊಳ್ಳೋಣ. ಒಬ್ಬನಿಗೆ ಎರಡೂವರೆ ಮೀಟರು ಅರಿವೆ ಹಿಡಿದರೆ ಒಟ್ಟು 2500 ಮೀಟರಾಯಿತು. ನೂರಕ್ಕೆ 15ರಂತೆ 375 ಮೀಟರು ಕತ್ತರಿಯ ಕೆಳಗೆ ಕಸವಾಗುತ್ತದೆ. ಅದು ಇನ್ನೂ 150 ಮಕ್ಕಳ ಮೈ ಮುಚ್ಚುವಷ್ಟು ಅರಿವೆ. ಸರ್ವವನ್ನೂ ಉಳಿಸಲಾಗದಿರಬಹುದು, ಅರ್ಧವನ್ನು ಉಳಿಸಿದರೂ 75 ಮಕ್ಕಳಿಗೆ ಬಟ್ಟೆಯಾಯಿತು. ದಾನಿಗಳು ಕೊಟ್ಟ ಹಣದಲ್ಲಿ 75 ಮಕ್ಕಳ ಅಂಗಿಗಳು ಪ್ರತಿವರ್ಷವೂ ಗುಡಿಸಿ ಹೋಗುತ್ತಿವೆಯೆಂದರೆ ಯಾವ ಭಕ್ತನ ಮನಸ್ಸು ತಾನೇ ಸುಮ್ಮನಿದ್ದೀತು? ಇನ್ನು ಮಗುವು ಒಂದು ವರ್ಷದಲ್ಲಿ ಒಂದೆರಡು ಅಂಗುಲ ಬೆಳೆಯುತ್ತದೆ. ತೋಳಿನ ತುದಿಯಲ್ಲಿಯೂ ಷರಾಯಿಯ ಕೆಳಗೂ ಅಷ್ಟು ಅರಿವೆಯನ್ನು ಒಳಮಡಿಸಿ ಹೊಲಿದರೆ ಒಂದು ಜೊತೆ ಉಡುಪು ಎರಡು ವರ್ಷ ಬಾಳುತ್ತದೆ. ಹಿಂದೆ ಊರ ಚಿಪ್ಪಿಗನು ಕೇಳದೆಯೇ ಇದನ್ನು ಮಾಡುತ್ತಿದ್ದನು.

ಆದುದರಿಂದ ಸಮವಸ್ತ್ರದ ಅರಿವೆಯನ್ನು ಕೊಳ್ಳುವ ಮೊದಲು ಒಬ್ಬ ಅನುಭವಸ್ಥ ಚಿಪ್ಪಿಗನನ್ನೂ ಒಬ್ಬ ನೇಕಾರನನ್ನೂ ಕರೆದು, ಪನ್ನ ಎಷ್ಟಿರಬೇಕು, ಅಂಗಿಯ ಆಕಾರ ಹೇಗಿದ್ದರೆ ಉಳಿಕೆ ಕಡಮೆಯಾದೀತು ಎಂದು ವಿಚಾರಿಸುವುದು ಒಳ್ಳೆಯದು. ಉಳಿದ ತುಂಡುಗಳನ್ನು ಚೀಲದಲ್ಲಿ ಕೂಡಿಟ್ಟು ಕೌದಿ ಹೊಲಿಯುವ ಸ್ತ್ರೀಯರಿಗೆ ಕೂಲಿಯೊಡನೆ ಒಪ್ಪಿಸಿದರೆ ಪ್ರಸಾದನಿಲಯದ ಮಕ್ಕಳಿಗೆ ಚಳಿಗಾಲದ ಹೊದಿಕೆಯೂ ಆಗುತ್ತದೆ, ಒಂದು ಕಲೆಯೂ ಉಳಿಯುತ್ತದೆ. ಕೂಲಿಯೊಡನೆ ಎಂಬ ಮಾತನ್ನು ಮರೆಯತಕ್ಕದ್ದಲ್ಲ. ಅರಿವೆಯನ್ನು ಉಳಿಸಲು ಹೋಗಿ ದುಡಿಮೆಯನ್ನು ಪುಕ್ಕಟೆಯಾಗಿ ಪಡೆಯುವುದು ಕಾಯಕದ ಗೌರವಕ್ಕೆ ಸಲ್ಲದು. ಮಹೋತ್ಸವಗಳಲ್ಲಿ ಅತಿಥಿಗಳಿಗೆ ಹೊದಿಸುವ ಶಾಲುಗಳ ವಿಷಯವೂ ವಿಚಾರಾರ್ಹವಾಗಿದೆ. ಹೊದ್ದವರು ಮತ್ತೊಮ್ಮೆ ಹೊದೆಯದ ಮಿರುಗುವ ಶಾಲಿಗಿಂತ, ನಿತ್ಯವೂ ಮೈ ಒರೆಸಲು ಬರುವ ಕೈಮಗ್ಗದ ಒಂದು ಟವಲು ಹೆಚ್ಚಿನ ಸನ್ಮಾನವಲ್ಲವೇ?

ಇಲ್ಲಿ ಹೇಳಿದುದರ ತಾತ್ಪರ್ಯ ಇಷ್ಟೇ. ಅರಿವೆಯ ಕಸವನ್ನು ಬಿದ್ದ ಮೇಲೆ ಎತ್ತುವುದು ಎರಡನೆಯ ಕೆಲಸ. ಬೀಳದಂತೆ ಯೋಚಿಸುವುದು ಮೊದಲನೆಯದು. ಅಡಿಗೆಯವನು ಉಣ್ಣುವವರನ್ನು ಎಣಿಸಿ ಅಕ್ಕಿಯನ್ನು ಅಳೆಯುವಂತೆ ಉಡುಪನ್ನು ರಚಿಸುವವನು ಮಗ್ಗವನ್ನೂ ಮೈಯನ್ನೂ ಮುಂದಿನ ದಿನವನ್ನೂ ನೋಡಿ ಗೆರೆಯೆಳೆಯತಕ್ಕದ್ದು. ಈ ವಿಚಾರವು ಸಭೆಯ ಪರಾಮರ್ಶೆಗೆ ಅರ್ಪಿತವಾಗಿದೆ. ಬರುವ ವರ್ಷ ಪ್ರಸಾದನಿಲಯದ ಅರಿವೆಯನ್ನು ಹಾಸುವ ಮೇಜಿನ ಬಳಿ ಯಾರಾದರೊಬ್ಬರು ನಿಂತು ನೆಲಕ್ಕೆ ಬಿದ್ದ ತುಂಡುಗಳನ್ನು ತೂಗಿ ಬರೆದಿಟ್ಟರೆ ಅದರ ಪ್ರಯೋಜನವು ಆರಂಭವಾದಂತಾಯಿತು.